ಅಣ್ಣನ ಬಾಲ್ಕನಿ

ಕಟ್ಟಡಗಳ ಭದ್ರತೆ ಅಳೆಯುವುದು ನನ್ನ ಕೆಲಸ. ಇಷ್ಟು ಭಾರಕ್ಕೆ ಇಂಥ ಕಾಂಕ್ರೀಟು ಕೈಕೊಡುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ ಹೇಳುತ್ತೇನೆ. ಆದರೂ ದೊಡ್ಡಬೆಳವಂಗಲದಲ್ಲಿ ಮನೆ ಕಟ್ಟಿಸುವಾಗ ಅಣ್ಣ ನನ್ನನ್ನು ಕೇಳಲಿಲ್ಲ. ಮಹಡಿಯ ಬಾಲ್ಕನಿ ಐದಡಿ ಹೊರಗೆ ಚಾಚಿತ್ತು, ಕೆಳಗೆ ಕಂಬವಿಲ್ಲ.

ಅವನ ಮಗಳ ನಾಮಕರಣಕ್ಕೆ ಹೋದಾಗ ಮನೆ ಕಟ್ಟಿದ ಮೇಸ್ತ್ರಿಯೂ ಬಂದಿದ್ದ. ಮಾತಿನ ನಡುವೆ ಹೇಳಿದ: "ಬಾಲ್ಕನಿಗೆ ಕಾಂಕ್ರೀಟ್ ಹಾಕೋವಾಗ ಆಳುಗಳು ತುಳಿದು ಮೇಲಿನ ಕಂಬಿ ಒಸಿ ಕೆಳಗಿಳೀತು. ಏನಾಗಲ್ಲ ಬಿಡಿ ಮೇಡಂ."

"ಎಷ್ಟು ಇಳೀತು?"

"ಒಂದಿಂಚೋ, ಎರಡೋ. ಯಾರು ನೋಡಿದ್ರು?"

ಚಾಚಿದ ಬಾಲ್ಕನಿಯನ್ನು ಹಿಡಿದಿಡುವುದೇ ಕಾಂಕ್ರೀಟಿನೊಳಗೆ ಮೇಲ್ಭಾಗದಲ್ಲಿರುವ ಆ ಕಂಬಿ. ಒಂದಿಂಚಾದರೆ ಸಹಿಸೀತು. ಎರಡಾದರೆ ಹೇಳಲಾಗದು.

ನಾನು ಮೇಲೆ ಓಡುವಷ್ಟರಲ್ಲಿ ಫೋಟೋದವನು ಇಪ್ಪತ್ತೈದು ಜನರನ್ನು ಬಾಲ್ಕನಿಯಲ್ಲಿ ನಿಲ್ಲಿಸಿಬಿಟ್ಟಿದ್ದ. ಅಮ್ಮ ಮಗುವನ್ನೆತ್ತಿಕೊಂಡು ಅಂಚಿನ ಕಟಕಟೆಗೆ ಒರಗಿದ್ದರು. ಕೂಗಿದರೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತಾರೆ, ಆ ಅಲುಗಾಟಕ್ಕೇ ಏನಾದರೂ ಆದರೆ? ಸುಮ್ಮನಿದ್ದರೆ?

"ಬಾರೇ, ನಿನ್ನೊಬ್ಳಿಗೇ ಕಾಯ್ತಿರೋದು!" ಅಣ್ಣ ಕರೆದ.

ಹೋದೆ. ಬೆನ್ನನ್ನು ಗೋಡೆಗೊತ್ತಿ ನಿಂತೆ. "ಇನ್ನೊಂದು, ಇನ್ನೊಂದು," ಎನ್ನುತ್ತಲೇ ಇದ್ದ ಫೋಟೋದವನು. ಆ ಚಿತ್ರದಲ್ಲಿ ನೆಲ ನೋಡುತ್ತಿರುವವಳು ನಾನೊಬ್ಬಳೇ.

ಊಟವಾದ ಮೇಲೆ ಅಣ್ಣ, ಅತ್ತಿಗೆಯನ್ನು ಕೂರಿಸಿಕೊಂಡು ಹೇಳಿದೆ.

"ಬೀಳುತ್ತಾ, ಇಲ್ವಾ? ಅಷ್ಟು ಹೇಳು," ಎಂದ ಅಣ್ಣ.

"ಹಾಗೆ ಹೇಳಕ್ಕಾಗಲ್ಲ. ಇಂಥ ನೂರು ಬಾಲ್ಕನಿ ಮೇಲೆ ಇಷ್ಟು ಜನ ನಿಂತ್ರೆ ನಾಲ್ಕೈದು ಬೀಳಬಹುದು."

"ಮಿಕ್ಕಿದ್ದೆಲ್ಲ ನಿಲ್ಲುತ್ತೆ ತಾನೇ? ನಮ್ದು ಅದ್ರಲ್ಲಿ ಒಂದು ಅನ್ಕೋ. ಒಳ್ಳೇ ದಿನ ಅಪಶಕುನ ಆಡ್ಬೇಡ."

ನನ್ನ ಲೆಕ್ಕವನ್ನೇ ಅವನು ನನಗೆ ತಿರುಗಿಸಿದ್ದ.

ಅತ್ತಿಗೆ ಮಾತ್ರ ಬೇರೆ ಥರ ಕೇಳಿದರು. "ನಿಮ್ಮ ಮಗು ಆಗಿದ್ರೆ ಅಲ್ಲಿ ಆಡಕ್ಕೆ ಬಿಡ್ತಿದ್ರಾ?"

"ಇಲ್ಲ."

ಅವರು ಎದ್ದು ಹೋಗಿ ಬಾಲ್ಕನಿ ಬಾಗಿಲಿಗೆ ಬೀಗ ಹಾಕಿದರು.

ಮುಂದಿನ ವಾರ ಕಂಬಿಯ ಆಳ ಅಳೆಯುವ ಯಂತ್ರ ತಂದು ನೋಡಿದೆ. ಕಂಬಿ ಕೆಲವು ಕಡೆ ಒಂದಿಂಚು ಇಳಿದಿತ್ತು, ಕೆಲವು ಕಡೆ ಎರಡಿಂಚನ್ನೂ ಮೀರಿತ್ತು. ಅತ್ತಿಗೆ ಹಟ ಹಿಡಿದು ಎರಡು ಕಂಬ ಕೊಡಿಸಿದರು. ಅಣ್ಣ ನಾಲ್ಕು ತಿಂಗಳು ನನ್ನೊಂದಿಗೆ ಮಾತು ಬಿಟ್ಟ.

ಈಗ ಮಾತಾಡುತ್ತಾನೆ. ನೆಂಟರು ಬಂದರೆ ಕಂಬ ತೋರಿಸಿ, "ನನ್ ತಂಗಿ ಭಯಕ್ಕೆ ಕಟ್ಸಿದ್ದು, ಕಾರು ನಿಲ್ಸೋಕೂ ಜಾಗ ಇಲ್ಲ," ಎನ್ನುತ್ತಾನೆ. ಕಂಬವಿಲ್ಲದಿದ್ದರೆ ಅದು ಬೀಳುತ್ತಿತ್ತೇ? ನನಗೂ ಗೊತ್ತಿಲ್ಲ. ಅವನು ನಗುತ್ತಾನೆ, ನಾನು ಕಾಫಿ ಲೋಟ ಹಿಡಿದು ಕೇಳಿಸಿಕೊಳ್ಳುತ್ತೇನೆ.