ಮಿನಿಸ್ಟ್ರು ಇಳಿದ್ರು

ದೆಹಲಿಯಲ್ಲಿ ಯಾರ ಸರ್ಕಾರ ಬಂದರೂ ಭದ್ರಾವತಿ ಹಳೇನಗರದ ಲೈನ್‌ಮ್ಯಾನ್ ಶಿವಯೋಗಪ್ಪನವರಿಗೆ ಚಿಂತೆ ಇರಲಿಲ್ಲ. ವಿದ್ಯುತ್ ಖಾತೆ ಯಾರಿಗೆ ಸಿಕ್ಕಿತು ಅನ್ನುವುದೊಂದೇ ಅವರ ತಲೆಬಿಸಿ. ತೊಂಬತ್ತರ ದಶಕದ ಸರ್ಕಾರಗಳೋ, ಕೂತಷ್ಟೇ ಬೇಗ ಏಳುತ್ತಿದ್ದವು. ಪ್ರತಿ ಪ್ರಮಾಣವಚನದ ಮರುದಿನ ಅವರು ಪೇಪರ್ ಹಿಡಿದು ನಮ್ಮ ಸಬ್‌ಸ್ಟೇಷನ್ನಿಗೆ ಬರುತ್ತಿದ್ದರು.

"ನೋಡು ಪರಮೇಶಾ, ಆ ಖಾತೆಯೋರು ಮನಸ್ಸು ಮಾಡಿ ಗ್ರಿಡ್ಡಿಂದ ನಮ್ಮ ಪಾಲು ಕೊಟ್ರೆ ತಾನೇ ಲೋಡ್‌ಶೆಡ್ಡಿಂಗ್ ತಪ್ಪೋದು? ಜನ ಬೈಯೋದು ಮಾತ್ರ ಕಂಬದ ಮೇಲಿರೋ ನನ್ನನ್ನ. ಒಂದ್ಸಲ ನನ್ನನ್ನೇ ಮಂತ್ರಿ ಮಾಡ್ಲಿ ಮಾರಾಯ, ಕಂಬ ಹತ್ತೋಕೆ ಬರೋನು ಒಬ್ಬನಾದ್ರೂ ಅಲ್ಲಿ ಇದ್ದಂಗಾಗುತ್ತೆ."

ಹೀಗೆ ಅಂದ ದಿನದಿಂದ ಅವರು ನಮಗೆಲ್ಲ 'ಮಿನಿಸ್ಟ್ರು'. ಹೆಸರಿಟ್ಟವನು ಸಬ್‌ಸ್ಟೇಷನ್ ಆಪರೇಟರ್ ಆಗಿದ್ದ ನಾನೇ. ಬರಬರುತ್ತಾ ಅವರ ಹೆಂಡತಿ ಮಹಾಂತಮ್ಮನೂ ಫೋನ್ ಮಾಡಿ, "ಮಿನಿಸ್ಟ್ರು ಊಟಕ್ಕೆ ಬರ್ತಾರಂತಾ?" ಎಂದು ಕೇಳುತ್ತಿದ್ದರು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಕಂಬ ಹತ್ತುವವರು ಆಪರೇಟರನಿಂದ 'ಲೈನ್ ಕ್ಲಿಯರ್' ಪಡೆಯಬೇಕು, ಅವನು ಕರೆಂಟ್ ತೆಗೆಯಬೇಕು. ಹತ್ತಿದವರೇ ಇಳಿದು, ತಮ್ಮ ಬಾಯಿಂದಲೇ "ಇಳಿದೆ" ಎಂದು ಲೈನ್ ವಾಪಸ್ ಕೊಡುವವರೆಗೆ ಆಪರೇಟರ್ ಸ್ವಿಚ್ ಮುಟ್ಟಬಾರದು. ದೇವರೇ ಬಂದು ಹೇಳಿದರೂ ಮುಟ್ಟಬಾರದು.

ಆ ಸಲ ಹೊಸದಾಗಿ ನೇಮಕವಾದ ಕೇಂದ್ರ ವಿದ್ಯುತ್ ಮಂತ್ರಿಗೆ ಶಿವಮೊಗ್ಗದಲ್ಲಿ ಸನ್ಮಾನವಿತ್ತು. ಅವರು ಹೆಲಿಕಾಪ್ಟರಿನಿಂದ ಇಳಿದ ಮೇಲೆ ಜಿಲ್ಲೆಯಲ್ಲಿ ಎಲ್ಲೂ ಕರೆಂಟ್ ಹೋಗಕೂಡದು ಎಂದು ಮೇಲಿನಿಂದ ಹುಕುಂ. ಅಂದು ಬೆಳಿಗ್ಗೆಯೇ ಹಳೇನಗರದ ಲೈನಿನಲ್ಲಿ ತಂತಿ ಕಿತ್ತುಹೋಯಿತು. ಶಿವಯೋಗಪ್ಪನವರು ನನ್ನಿಂದ ಲೈನ್ ಕ್ಲಿಯರ್ ಪಡೆದು ಗಡಿಬಿಡಿಯಲ್ಲಿ ಹೋದರು.

ಹನ್ನೊಂದರ ಹೊತ್ತಿಗೆ ಸೆಕ್ಷನ್ ಆಫೀಸಿನ ಗುಮಾಸ್ತ ಕೊಟ್ರಬಸಪ್ಪ ಫೋನ್ ಮಾಡಿದ. "ಮಿನಿಸ್ಟ್ರು ಇಳಿದ್ರು. ಇನ್ನು ಎಲ್ಲಾ ಲೈನೂ ಚಾಲೂ ಇರ್ಬೇಕಂತೆ."

"ಸರಿ" ಅಂದೆ. ಸ್ವಿಚ್ ಹಾಕಿದೆ. ಲಾಗ್ ಪುಸ್ತಕದಲ್ಲಿ ದಿನದ ರೂಢಿಯಂತೆ 'ಶಿವಯೋಗಪ್ಪನವರಿಂದ ಲೈನ್ ವಾಪಸ್' ಎಂದು ಬರೆದೆ.

ಇಳಿದಿದ್ದು ದೆಹಲಿಯವರು. ನಮ್ಮವರು ಇನ್ನೂ ಕಂಬದ ಮೇಲಿದ್ದರು.

ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಅತ್ತ ಸನ್ಮಾನ ಸುಸೂತ್ರವಾಗಿ ಮುಗಿಯಿತು. ನೆನೆದರೆ ಈಗಲೂ ಮೈ ಉರಿಯುತ್ತದೆ, ಆದರೆ ಆ ಮಂತ್ರಿಯನ್ನು ಬೈಯುವ ಯೋಗ್ಯತೆ ನನಗಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ನನ್ನ ಪುಸ್ತಕ ತೆರೆದು, "ಅವರೇ ಫೋನ್ ಮಾಡಿ ಇಳಿದೆ ಅಂದ್ರಾ?" ಎಂದರು.

ನೌಕರಿ ಹೋಗುತ್ತದೆ, ಜೈಲೇ ಗತಿ ಎಂಬ ಹೆದರಿಕೆ. "ಹೌದು ಸಾರ್" ಅಂದೆ. ಕೊಟ್ರಬಸಪ್ಪನನ್ನು ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಲೈನ್ ವಾಪಸ್ ಕೊಟ್ಟು ಮತ್ತೆ ಕಂಬ ಹತ್ತಿದ್ದು ಮೃತರದೇ ಅಜಾಗರೂಕತೆ ಎಂದು ವರದಿಯಾಯಿತು.

ಒಂದು ತಿಂಗಳ ಮೇಲೆ ಮಹಾಂತಮ್ಮನ ಮನೆಗೆ ಹೋದೆ, ನಿಜ ಹೇಳಿಬಿಡಬೇಕು ಅಂತಲೇ ಹೋದೆ. ಅವರು ಚಾಪೆ ಹಾಸಿ ನೀರು ಕೊಟ್ಟರು. ನಾನು ಮಾತು ತೆಗೆಯುವ ಮೊದಲೇ ಕೈಮುಗಿದರು.

"ಇಪ್ಪತ್ತಾರು ವರ್ಷ ಕಂಬ ಹತ್ತಿದೋರು ಅವತ್ತು ಯಾಕೆ ಹಂಗೆ ಮಾಡಿದ್ರೋ ಗೊತ್ತಿಲ್ಲ. ಅವರ ತಪ್ಪಿಗೆ ನಿಮ್ಮನ್ನ ನಿಲ್ಸಿ ಕೇಳಿದ್ರಂತಲ್ಲ ಪರಮೇಶಣ್ಣ. ನಮ್ಮವರನ್ನ ಕ್ಷಮಿಸಿಬಿಡಿ."

"ಆಯ್ತಕ್ಕ, ಕ್ಷಮಿಸಿದೀನಿ" ಅಂದೆ.