ಒಂದೇ ಕೈಯ ಹಾರ್ಮೋನಿಯಂ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಸೋದರಮಾವ ಸೋಮವಾರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಲಕ್ವ ಹೊಡೆದು ಎಡಗೈ ಸೋತ ಮೇಲೆ ಮಗ್ಗಕ್ಕೆ ಅತ್ತೆ ಕೂತರು. ಹಾರ್ಮೋನಿಯಂ ನಿಂತುಹೋಯಿತು. ಬಲಗೈ ಚೆನ್ನಾಗಿಯೇ ಇತ್ತು. ಆದರೆ ಗಾಳಿ ತುಂಬಲು ತಿದಿ ಒತ್ತುವುದು ಎಡಗೈಯಲ್ಲವೇ?

ನನಗೆ ಚಳ್ಳಕೆರೆಯಲ್ಲಿ ಮೈಕ್‌ಸೆಟ್ ರಿಪೇರಿ ಅಂಗಡಿ. ಮೊದಲು ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಕೊಂಡೊಯ್ದೆ. ಅದರಲ್ಲಿ ಹಾರ್ಮೋನಿಯಂ ಸದ್ದೂ ಇತ್ತು. ಮಾವ ನಾಲ್ಕು ಸ್ವರ ಒತ್ತಿ ಕೈ ತೆಗೆದರು.

"ಇದು ಯಾರ್ದೋ ಪೆಟ್ಗೆ ಕಣಲೇ. ನಂದಲ್ಲ."

ವಾಪಸು ಬರುವ ಬಸ್ಸು ಬಿ.ಜಿ. ಕೆರೆ ದಾಟುವಷ್ಟರಲ್ಲಿ ಒಂದು ದಾರಿ ಹೊಳೆಯಿತು. ಅವರದೇ ಪೆಟ್ಟಿಗೆಯ ಸ್ವರಗಳನ್ನು ರೆಕಾರ್ಡ್ ಮಾಡಿ ಕೀಬೋರ್ಡಿಗೆ ಜೋಡಿಸಬಹುದಲ್ಲ!

ಅಮಾವಾಸ್ಯೆಯ ದಿನ, ಬೀದಿಯ ಮಗ್ಗಗಳೆಲ್ಲ ಸುಮ್ಮನಿದ್ದಾಗ ಹೋದೆ. ಅತ್ತೆ ತಿದಿ ಒತ್ತಿದರು, ಮಾವ ಒಂದೊಂದೇ ಸ್ವರ ಹಿಡಿದರು. ಒಂದು ಸ್ವರ ಗೊರಗೊರ ಎನ್ನುತ್ತಿತ್ತು. ಅದನ್ನು ಸರಿಮಾಡುತ್ತೇನೆ ಎಂದೆ.

"ಬ್ಯಾಡ, ಅದು ಹಂಗೇ ಇರ್ಲಿ," ಅಂದರು ಮಾವ.

ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದಕ್ಕೆ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಹಾಕಿ, ಸ್ವರಗಳನ್ನು ತುಂಬಿ, ಕೀಬೋರ್ಡ್ ಮತ್ತು ಸ್ಪೀಕರ್ ಸೇರಿಸಿ ಒಯ್ದೆ. ಮಾವ ಶುರುಮಾಡಿದರು. ಎರಡನೇ ಸಾಲಿಗೇ ತಾಳ ತಪ್ಪಿತು. ಮತ್ತೆ ಹಿಡಿದರು, ಮತ್ತೆ ತಪ್ಪಿತು.

"ಒತ್ತಿದ ಮ್ಯಾಲೆ ತಡ್ದು ಬರ್ತೈತೆ ಸದ್ದು. ತಪ್ಪು ನನ್ ಕೈದೋ, ಇದ್ರದೋ?"

"ಇದ್ರದೇ ಮಾವ. ನಿಮ್ ಕೈಗೇನೂ ಆಗಿಲ್ರಿ."

ಅವರು ನಂಬಲಿಲ್ಲ. ಕಾಯಿಲೆ ಬಲಗೈಗೂ ಬಂತೆಂದೇ ಹೆದರಿದ್ದರು. ಊಟಕ್ಕೆ ಕೂತಾಗಲೂ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದರು. ಅದನ್ನು ಕಂಡು ನನಗೆ ಈ ಉಸಾಬರಿಗೇ ಕೈಹಾಕಬಾರದಿತ್ತು ಅನ್ನಿಸಿತು.

ಬೋರ್ಡು ಸದ್ದನ್ನು ಸ್ವಲ್ಪಸ್ವಲ್ಪವೇ ಕೂಡಿಟ್ಟುಕೊಂಡು ಸ್ಪೀಕರಿಗೆ ಕಳಿಸುತ್ತದೆ. ಕೂಡಿಡುವ ಆ ಜಾಗಕ್ಕೆ ಬಫರ್ ಎನ್ನುತ್ತಾರೆ. ಅದು ದೊಡ್ಡದಾದರೆ ಸದ್ದು ತಡ. ತೀರಾ ಚಿಕ್ಕದಾದರೆ ಬೋರ್ಡಿಗೆ ಪುರುಸೊತ್ತಿಲ್ಲದೆ ನಡುನಡುವೆ ಚಟಪಟ. ಅಂಗಡಿಯ ಕೆಲಸದ ಮಧ್ಯೆ ಎರಡು ವಾರ ಅದನ್ನೇ ಹಿಡಿದು ಕೂತೆ. ಚಿತ್ರ, ಮೌಸ್‌ಗಳ ಡೆಸ್ಕ್‌ಟಾಪ್ ಕಿತ್ತು, ಕಪ್ಪು ಪರದೆಯ ಬರೀ ಲಿನಕ್ಸ್ ಉಳಿಸಿದೆ. ವೈಫೈ, ಬ್ಲೂಟೂತ್ ನಿಲ್ಲಿಸಿದೆ. ರಿಯಲ್‌ಟೈಮ್ ಕರ್ನಲ್ ಎಂಬ ತಿರುಳು ಹಾಕಿ, ಸದ್ದಿನ ಕೆಲಸ ಬಂದಾಗ ಉಳಿದ ಕೆಲಸಗಳೆಲ್ಲ ಕಾಯುವಂತೆ ಮಾಡಿದೆ. ಬಫರನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಇಳಿಸುತ್ತ ಹೋದೆ. ಚಟಪಟ ಶುರುವಾದಾಗ ಒಂದು ಹೆಜ್ಜೆ ಹಿಂದೆ ಬಂದೆ. ಬೆರಳಿಗೂ ಸದ್ದಿಗೂ ಅಂತರವಿದೆ ಎಂದು ನನಗಂತೂ ಅನ್ನಿಸಲಿಲ್ಲ. ಆದರೆ ನಾನೇನು ನುಡಿಸುವವನಲ್ಲ.

ಈ ಸಲ ಮಾವ ಕೀಬೋರ್ಡಿನ ಮುಂದೆ ಕೂರಲು ಒಪ್ಪಲೇ ಇಲ್ಲ. ಅತ್ತೆ ಮಗ್ಗದಿಂದ ಎದ್ದು ಬಂದು ತಾಳ ಕೈಗೆತ್ತಿಕೊಂಡರು.

"ನಾನ್ ತಾಳ ಹಾಕ್ತೀನಿ. ಒಂದು ಸಲ ನುಡ್ಸಿ ನೋಡ್ರಿ."

ನಿಧಾನವಾಗಿ ತೊಡಗಿದ ಮಾವ ಬೇಕೆಂದೇ ವೇಗ ಏರಿಸಿದರು. ಅತ್ತೆಯೂ ಬಿಡಲಿಲ್ಲ. ತಾಳ ಎಲ್ಲೂ ತಪ್ಪಲಿಲ್ಲ. ಅತ್ತೆ ಆಂಧ್ರದ ಕಡೆಯವರು. ಖುಷಿಯಾದರೆ ಬಾಯಿಗೆ ತೆಲುಗೇ ಬರುತ್ತದೆ.

"ಬಾಗುಂದಿ, ಚಾಲಾ ಬಾಗುಂದಿ!"

ಮಾವ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕೈ ಸರಿಯಾಗೈತೆ ಬಿಡು," ಅಂದರು. ನನ್ನ ಪೆಟ್ಟಿಗೆಯ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಅಷ್ಟೇ ಸಾಕಾಯಿತು.

ಈಗ ಭಜನೆಗೆ ಮತ್ತೆ ಅವರೇ ಕೂರುತ್ತಾರೆ. ಕರೆಂಟ್ ಹೋದರೆ ಇರಲಿ ಎಂದು ಬ್ಯಾಟರಿ ಜೋಡಿಸಿಕೊಟ್ಟಿದ್ದೇನೆ. ತಿದಿ ಒತ್ತುವಾಗಿನ ಏರಿಳಿತ ಇದರಲ್ಲಿಲ್ಲ ಎಂಬ ಅವರ ದೂರು ನಿಜವೇ. ಅದಕ್ಕೆ ಬಲಗಾಲಿನ ಕೆಳಗೆ ಸದ್ದು ಏರಿಸಿ ಇಳಿಸುವ ಪೆಡಲ್ ಇಟ್ಟಿದ್ದೇನೆ. ಮೊನ್ನೆ ಫೋನ್ ಮಾಡಿದ್ದರು.

"ಪೆಡಲ್ ಜರಾ ಬಿಗಿ ಐತಲೇ. ಭಾನ್ವಾರ ಬರ್ತೀಯಾ?"

ಬರ್ತೀನಿ ಎಂದಿದ್ದೇನೆ.