ಸುಣ್ಣದ ಕೈಯಲ್ಲಿ ಲವಣಪರೀಕ್ಷೆ

ಉಪ್ಪಿನ ಡಬ್ಬಿಗೆ ಒದ್ದೆ ಚಮಚ ಅದ್ದುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಕೋಪವೇ ಎಂದು ಮನೆಯವರು ನಗುತ್ತಾರೆ, ನಗಲಿ ಬಿಡಿ. ಎರಡನೇ ವರ್ಷದ ಬಿ.ಎಸ್ಸಿ.ಯಲ್ಲಿ ನಿರವಯವ ರಸಾಯನಶಾಸ್ತ್ರಕ್ಕೆ ಸಿಕ್ಕಿ ನರಳಿದವನ ಕಷ್ಟ ಅವರಿಗೇನು ಗೊತ್ತು! ಅವಯವಗಳೇ ಇಲ್ಲವೆಂದು ಹೆಸರಲ್ಲೇ ಸಾರಿಕೊಂಡ ಆ ಶಾಸ್ತ್ರ ನನ್ನ ಕುತ್ತಿಗೆ ಹಿಡಿದದ್ದು ಹೇಗೆಂಬುದು ನನಗಿನ್ನೂ ಬಗೆಹರಿದಿಲ್ಲ.

ತೊಂಬತ್ತರ ದಶಕದ ಮಾತು. ಅರಕೆರೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಶ್ರೀರಂಗಪಟ್ಟಣದಲ್ಲಿ ಇಳಿಯುವಷ್ಟರಲ್ಲಿ, ಉರು ಹೊಡೆದಿದ್ದ ಸಂಕ್ರಮಣ ಧಾತುಗಳೆಲ್ಲ ದಾರಿಯ ಗುಂಡಿಗಳಲ್ಲಿ ಉದುರಿಹೋಗಿರುತ್ತಿದ್ದವು. ಪಾಠ ಹೇಳುತ್ತಿದ್ದ ಕಮಲಮ್ಮ ಮೇಡಂ ಪಾಂಡವಪುರದ ಕಡೆಯವರು. ಮೊದಲ ದಿನವೇ, "ಇದು ಬಾಯಿಪಾಠದ ವಿದ್ಯೆ ಅಲ್ಲ ಕಣ್ರಪ್ಪಾ, ಕಣ್ಣಿಟ್ಟು ನೋಡೋ ವಿದ್ಯೆ" ಎಂದಿದ್ದರು. ನಾನು ಅದನ್ನೂ ಬಾಯಿಪಾಠ ಮಾಡಿದೆ.

ಆ ವರ್ಷ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಈ ಸಲ ಡುಮ್ಕಿ ಹೊಡುದ್ರೆ ಓದಿದ್ದು ಸಾಕು ಕಣ್ಲಾ, ಆಲೆಮನೆಗೆ ಬಂದ್ಬುಡು." ಬೆಲ್ಲಕ್ಕೆ ಬಣ್ಣ ಬರಲೆಂದು ಕುದಿಯುವ ಕಬ್ಬಿನಹಾಲಿಗೆ ಸುಣ್ಣದ ನೀರು ಬಿಡುವುದು ನಮ್ಮ ಆಲೆಮನೆಯಲ್ಲಿ ನನ್ನ ಪಾಲಿನ ಕೆಲಸ. ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆಯೂ ಸುಣ್ಣ ಕಲಸಿಟ್ಟು, ಕೈಯನ್ನು ಟವಲಿಗೆ ಒರೆಸಿಕೊಂಡು ಬಸ್ಸು ಹತ್ತಿದೆ.

ಕೊಟ್ಟ ಬಿಳಿಯ ಲವಣದಲ್ಲಿ ಯಾವ ಲೋಹವಿದೆಯೆಂದು ಪತ್ತೆಮಾಡುವುದೇ ಪರೀಕ್ಷೆ. ಲವಣವನ್ನು ಪ್ಲಾಟಿನಂ ತಂತಿಗೆ ಮೆತ್ತಿ ಉರಿಗೆ ಹಿಡಿದರೆ ಕ್ಯಾಲ್ಸಿಯಂ ಇಟ್ಟಿಗೆಗೆಂಪು, ಬೇರಿಯಂ ಎಳೆಹಸಿರು. ತಂತಿಯನ್ನು ಆಮ್ಲದಲ್ಲಿ ಅದ್ದಿ, ಸುಟ್ಟು ಶುದ್ಧಮಾಡಬೇಕೆಂಬುದು ನಿಯಮ. ನಾನೋ, ಬೆಲ್ಲದ ಸೌಟು ಒರೆಸುವ ಅಭ್ಯಾಸಬಲದಿಂದ, ಅದನ್ನು ಬೆರಳುಗಳ ನಡುವೆ ಎಳೆದು ಚೊಕ್ಕಮಾಡುತ್ತಿದ್ದೆ. ಉರಿ ಕೆಂಪಾಯಿತು. ಮತ್ತೆ ಹಿಡಿದೆ, ಮತ್ತೂ ಕೆಂಪು. ಆದರೆ ಅದೇ ಲವಣದ ದ್ರಾವಣಕ್ಕೆ ಕ್ರೋಮೇಟ್ ಬಿಟ್ಟಿದ್ದ ಕೊಳವೆಯಲ್ಲಿ, ಬೇರಿಯಂ ಇದೆಯೆಂದು ಸಾರುವ ಹಳದಿ ಗಸಿ ಕೂತಿತ್ತು. ಕ್ಯಾಲ್ಸಿಯಂ ಎಂದು ಬರೆಯಲೋ, ಬೇರಿಯಂ ಎಂದು ಬರೆಯಲೋ? ಕಣ್ಣ ಮುಂದೆ ಆಲೆಮನೆ ಬಂದು ನಿಂತಿತು, ಅಳುವುದೊಂದು ಬಾಕಿ.

ಅತ್ತಿತ್ತ ಓಡಾಡುತ್ತಿದ್ದ ಮೇಡಂ ನನ್ನ ಬೆರಳುಗಳನ್ನೇ ನೋಡಿದರು. "ಮೊದ್ಲು ಕೈ ತೊಳ್ಕೊಂಡ್ ಬಾರಪ್ಪಾ, ಸೋಪ್ ಹಾಕಿ" ಎಂದಷ್ಟೇ ಹೇಳಿ ಮುಂದೆ ಹೋದರು. ನಲ್ಲಿಯ ಕೆಳಗೆ ಉಗುರುಸಂದಿಯಿಂದ ಬೆಳ್ಳಗೆ ಸುಣ್ಣ ಇಳಿಯಿತು, ಸಾಕ್ಷಾತ್ ಕ್ಯಾಲ್ಸಿಯಂ. ಅಯ್ಯೋ ನನ್ನಪ್ಪಾ! ಇಷ್ಟು ಹೊತ್ತು ನಾನು ಪರೀಕ್ಷಿಸುತ್ತಿದ್ದುದು ನಮ್ಮ ಆಲೆಮನೆಯನ್ನೇ! ತಂತಿಯನ್ನು ಆಮ್ಲದಲ್ಲಿ ಅದ್ದಿ, ಸುಟ್ಟು, ಮತ್ತೆ ಲವಣ ಮೆತ್ತಿ ಹಿಡಿದೆ. ಉರಿ ಹಸಿರಾಯಿತು.

ಅವರು ಗದರಬಹುದಿತ್ತು, ಎಲ್ಲರೆದುರು ನಗಬಹುದಿತ್ತು. ಎರಡನ್ನೂ ಮಾಡದ ಆ ತಾಯಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಪಾಸಾದ ದಿನ ನಡೆದದ್ದನ್ನೆಲ್ಲ ಮನೆಯಲ್ಲಿ ಹೇಳಿದೆ. ಅಮ್ಮ ನಕ್ಕಳು, ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಆಲೆಮನೆಯ ಕಡೆ ನಡೆದರು. ಮರುವರ್ಷ ಪರೀಕ್ಷೆಯ ಬೆಳಿಗ್ಗೆ ಎಂದಿನಂತೆ ಸುಣ್ಣದ ಮಡಕೆಗೆ ಕೈಹಾಕಲು ಹೋದೆ. ಅಪ್ಪ ಮಡಕೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನೀ ಮುಟ್ಬ್ಯಾಡ ಕಣ್ಲಾ, ಪರೀಕ್ಸೆ ಐತೆ" ಎಂದು ತಾವೇ ಕಲಸತೊಡಗಿದರು.